ಹೋಲ್ಡ್ ಗುಂಡಿ ಮತ್ತು ನಮ್ಮ ಕಾಕಾ

ಮೊನ್ನೆ ಗ್ಯಾಸ್ ಸಿಲಿಂಡರ್ ಬರಲಿಲ್ಲವೆಂದು ದೂರು ಹೇಳಲು ಫೋನ್ ಮಾಡಿದೆ. ‘ಲೈನಿನಲ್ಲೇ ಇರಿ ಮೇಡಂ’ ಎಂದ ಹುಡುಗಿ ಮಾಯವಾಗಿ, ಟಿಣಿಟಿಣಿ ಸಂಗೀತ ಶುರುವಾಯಿತು. ನಿಮಗೂ ಆಗಿರುತ್ತದೆ, ಹಲ್ಲು ಕಡಿಯುತ್ತ ಕೂತಿರುತ್ತೀರಿ. ನಾನು ಮಾತ್ರ ಒಬ್ಬಳೇ ನಗುತ್ತಿದ್ದೆ. ನವಲಗುಂದದ ಕಾಕಾ ನೆನಪಾಗಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನಲ್ಲಿ ಹತ್ತಿ ಮಾರಾಟದ ಸಂಘವೊಂದರಲ್ಲಿ ಟೈಪಿಸ್ಟ್. ನಮ್ಮ ಹೆಡ್ ಕ್ಲಾರ್ಕರನ್ನು ಊರೆಲ್ಲ ಕಾಕಾ, ಎಂದರೆ ಚಿಕ್ಕಪ್ಪ, ಎನ್ನುತ್ತಿತ್ತು. ಅವರ ಮೇಜಿನ ಮೇಲಿನ ಕರಿ ಫೋನ್ ಹೋಗಿ ಗುಂಡಿ ಒತ್ತುವ ಫೋನ್ ಬಂದಾಗ, ಅದರ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆ ಓದಿದವಳು ನಾನೊಬ್ಬಳೇ. ನನ್ನ ಜಂಬ ಕೇಳಬೇಡಿ! ರೀಡಯಲ್ ಒತ್ತಿದರೆ ಹಿಂದಿನ ನಂಬರ್ ತಾನೇ ಹತ್ತುತ್ತದೆ, ಸ್ಪೀಕರ್ ಒತ್ತಿದರೆ ಕೋಣೆಗೆಲ್ಲ ಕೇಳುತ್ತದೆ, ಹೋಲ್ಡ್ ಒತ್ತಿದರೆ ಆ ಕಡೆಯವರಿಗೆ ಸಂಗೀತ ಎಂದು ಮಾಸ್ತರಿಕೆ ಮಾಡಿದ್ದೇ ಮಾಡಿದ್ದು. ರೀಡಯಲ್ ಕಾಕಾಗೆ ಬಲು ಹಿಡಿಸಿತು. ಪರಊರಿನ ಕರೆಗಳೆಲ್ಲ ಎಕ್ಸ್‌ಚೇಂಜಿನ ಮೂಲಕವೇ ಆದ್ದರಿಂದ ಹಿಂದಿನ ನಂಬರ್ ಸಾಮಾನ್ಯವಾಗಿ ಅದೇ; ಅಲ್ಲಿನ ಹೆಣ್ಣುಮಗಳಿಗೆ ದಿನಾ ಸುಮ್ಮನೆ ಒಂದು ನಮಸ್ಕಾರ ಹೋಗುತ್ತಿತ್ತು.

ಹೋಲ್ಡ್ ಮಾತ್ರ ಅವರಿಗೆ ಸೇರಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಪಡಸಾಲೆಯಲ್ಲಿ ಒಬ್ಬರನ್ನೇ ಕೂರಿಸುವುದಿಲ್ಲ. ಯಜಮಾನ ಹೊಲದಿಂದ ಬರುವವರೆಗೆ ಯಾರಾದರೂ ಎದುರು ಕೂತು ಮಾತಾಡಿಸಬೇಕು. ಕಾಕಾ ಅದೇ ರೀತಿಯನ್ನು ಫೋನಿಗೂ ಹಚ್ಚಿದ್ದರು.

ಕಚೇರಿಯ ಕಸ ಗುಡಿಸಿ ನೀರು ತುಂಬುವವಳು ಗಂಗವ್ವ, ಗಂಡನಿಲ್ಲದವಳು. ಮಗಳು ಶಾಂತಾಳನ್ನು ಹುಬ್ಬಳ್ಳಿಯವರು ನೋಡಿಹೋಗಿದ್ದರು. ಶಾಂತಾಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಅವರ ಉತ್ತರ ನಮ್ಮ ಫೋನಿಗೇ ಬರಬೇಕಿತ್ತು. ಹಾಗಾಗಿ ಗಂಗವ್ವ ಹೋಗುತ್ತ ಬರುತ್ತ ಆ ಫೋನನ್ನು ಒರೆಸುತ್ತಿದ್ದಳು.

ಹುಡುಗನ ತಂದೆಯ ಫೋನ್ ಬಂದಾಗ ಆಕೆ ಕೆರೆಗೆ ನೀರಿಗೆ ಹೋಗಿದ್ದಳು. ಎತ್ತಿದವಳು ನಾನು.

“ಗಂಗವ್ವಗ ಹೇಳ್ರಿ, ನಮಗ ಹೊಂದಂಗಿಲ್ಲಂತ. ಹುಡಿಗಿ ಚಲೋ ಅದಾಳ. ಆದ್ರ ಆ ಮನ್ಯಾಗ ನಮ್ಮ ಕೂಡ ಕುಂತು ಮಾತಾಡೂ ಹಿರ್ಯಾರ ಇಲ್ಲ ನೋಡ್ರಿ.”

“ಆಕೀನ್ನ ಕರೀತೇನ್ರಿ” ಎಂದು ಹೋಲ್ಡ್ ಒತ್ತಿ, ಕಾಕಾಗೆ ವಿಷಯ ಹೇಳಿದೆ. ಕಚೇರಿಯ ಸಿಪಾಯಿ ಅವಳನ್ನು ಕರೆತರಲು ಸೈಕಲ್ ಹತ್ತಿ ಕೆರೆಗೆ ಹೋದ.

“ಅಲ್ಲ ಬೇ, ಬೀಗರಾಗವರನ್ನ ಪೀಪಿ ಕೇಳಸ್ಕೋತ ಕುಂಡ್ರಸ್ತಿಯೇನ?” ಎಂದು ಕಾಕಾ ರಿಸೀವರ್ ಕಸಿದುಕೊಂಡರು. ಯಾವ ಗುಂಡಿಯೆಂದು ತಿಳಿಯದೆ ಎಲ್ಲವನ್ನೂ ಒತ್ತಿದರು. ಸಂಗೀತ ನಿಂತು ಸ್ಪೀಕರ್ ಹತ್ತಿತು.

“ಏನ್ರಿ ಇದು? ಮಾತಾಡಾಕ ಫೋನ್ ಹಚ್ಚಿದ್ರ ಪೀಪಿ ಊದಾಕತ್ತೀರಲ್ಲ!” ಕೋಣೆಯೆಲ್ಲ ಅದುರಿತು.

“ತಪ್ಪಾತ್ರಿ ಯಜಮಾನ್ರ. ನಮ್ಮ ಹುಡಿಗಿ ಹೊಸಾ ಗುಂಡಿ ಕಲತಾಳ. ಗಂಗವ್ವ ಬರೂತನಕ ಮಾತಿಗಿ ನಾ ಅದೇನಲ್ರಿ, ನನಗ ಊರೆಲ್ಲಾ ಕಾಕಾ ಅಂತಾರ. ಊಟ ಆತೇನ್ರಿ?”

“ಆತ್ರಿ.” ದನಿ ಬಿಗಿಯಾಗಿತ್ತು.

“ಏನ ಮಾಡಿದ್ರು?”

“ರೊಟ್ಟಿ, ಬದನಿಕಾಯಿ ಪಲ್ಯಾ.”

“ಹುಬ್ಬಳ್ಯಾಗ ಬದನಿಕಾಯಿ ಹೆಂಗ ಅದಾವ್ರಿ? ಇಲ್ಲಿವು ಈ ಸಲ ಬರೇ ಬೀಜ.”

ಆತ ಬದನೆಕಾಯಿಯಿಂದ ತನ್ನ ಸೊಂಟನೋವಿಗೆ, ಅಲ್ಲಿಂದ ಸೋದರಮಾವನ ಹಾಯುವ ಎತ್ತಿಗೆ ಬಂದ. ನಡುವೆ ಎಕ್ಸ್‌ಚೇಂಜಿನವಳು “ಮೂರ ನಿಮಿಷ ಆತ್ರಿ” ಎಂದಳು. ಇನ್ನಷ್ಟು ಹೊತ್ತು ಬೇಕೆಂದು ಕೇಳದಿದ್ದರೆ ಟ್ರಂಕ್ ಕಾಲ್ ಅಲ್ಲಿಗೇ ಕಡಿಯುತ್ತಿತ್ತು.

“ಇನ್ನಷ್ಟ ಕೊಡ್ರಿ ಬಾಯಾರ, ಎತ್ತಿಂದ ಮುಗಿದಿಲ್ಲ” ಎಂದಿತು ಸ್ಪೀಕರ್. ಕೇಳಿದವನು ಹುಡುಗನ ತಂದೆಯೇ!

ಗಂಗವ್ವ ಒದ್ದೆ ಸೀರೆಯಲ್ಲೇ ಓಡಿಬಂದಳು. ಕಾಕಾ ರಿಸೀವರನ್ನು ಅವಳ ಕೈಗಿತ್ತರು. ಸ್ಪೀಕರ್ ಆರಿಸುವುದು ಪುಸ್ತಿಕೆ ಓದಿದ ನನಗೂ ಮರೆತಿತ್ತು.

“ಗಂಗವ್ವಾ, ಮಾತಾಡೂ ಹಿರ್ಯಾರಿಲ್ಲ ಅಂತಿದ್ದೆ. ಇಂಥಾ ಕಾಕಾನ ಇಟ್ಕೊಂಡು ಮೊದಲ ಯಾಕ ಹೇಳಲಿಲ್ಲವಾ? ಸ್ವಾಮವಾರ ಬರ್ತೇವು. ಅವರನ್ನ ಮನ್ಯಾಗ ಕುಂಡ್ರಸು, ಮಾತ ಮುಗಸೂಣು.”

ಗಂಗವ್ವ ಅತ್ತಳು. ನೋಡಿ ನಾನೂ ಅತ್ತೆ. ಕಾಕಾ ಹೆಗಲ ಟವೆಲಿನಿಂದ ಆ ಗುಂಡಿಗಳನ್ನೆಲ್ಲ ಮುಚ್ಚಿ, ಚಹಾ ತರಿಸಲು ಹೇಳಿದರು. ಶಾಂತಾಳ ಮದುವೆಯಲ್ಲಿ ಕನ್ಯೆಯ ಕಡೆಯ ಹಿರಿಯರಾಗಿ ನಿಂತವರೂ ಅವರೇ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಟಿಣಿಟಿಣಿ ನಿಂತು ಹುಡುಗಿ ಮರಳಿದಳು. “ಸಾರಿ ಮೇಡಂ, ಕಂಪ್ಯೂಟರ್ ನಿಧಾನ ಇದೆ. ಮತ್ತೆ ಹೋಲ್ಡ್ ಹಾಕ್ತೀನಿ.”

“ಬ್ಯಾಡವಾ,” ಎಂದೆ. “ಅದು ಬರೂತನಕ ಮಾತಾಡೂಣು. ಊಟ ಆತೇನ?”

ಆ ಕಡೆಯಿಂದ ಮೇಡಂ ಎಂಬುದನ್ನು ಬದಿಗಿಟ್ಟ ದನಿಯೊಂದು ಬಂತು: “ಇಲ್ರಿ ಅಕ್ಕಾರ, ಇನ್ನೂ ಇಲ್ಲ. ನಿಮ್ಮದು ಆತೇನ್ರಿ?”

“ಹೆಂಗ ಆಗಬೇಕವಾ? ಗ್ಯಾಸ್ ನಿನ್ನ ಕಡೆ ಐತಿ!”

ಅವಳು ಜೋರಾಗಿ ನಕ್ಕಳು. ಆಮೇಲೆ ತನ್ನ ಡಬ್ಬಿಯಲ್ಲಿ ಏನಿದೆಯೆಂದು ಹೇಳತೊಡಗಿದಳು.