ಮುನಿರಾಜಣ್ಣನ ಟೆಂಪೋ ನನಗೆ ಗುದ್ದಿರಲಿಲ್ಲ

ಆ ಬೆಳಿಗ್ಗೆ ನನಗೆ ಯಾರೂ ಗುದ್ದಲಿಲ್ಲ. ನಾನೇ ಬಿದ್ದೆ. ಬಿದ್ದವಳನ್ನು ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ ಮನುಷ್ಯನನ್ನೇ ತೋರಿಸಿ, ಗುದ್ದಿದವನು ಇವನು ಎಂದೆ. ಇಷ್ಟನ್ನು ನೇರವಾಗಿ ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಆ ಮನುಷ್ಯ ಈಗ ಇಲ್ಲ.

ಅವರ ಹೆಸರು ಮುನಿರಾಜು. ಕಾಡುಗೋಡಿಯ ಹಳೇ ಊರಿನವರು. ಅಪ್ಪನ ಕಾಲದ ಹೊಲ ಅಣ್ಣತಮ್ಮಂದಿರ ಪಾಲಿನಲ್ಲಿ ಹರಿದು ಹಂಚಿಹೋಗಿ ಅವರಿಗೆ ಉಳಿದದ್ದು ಒಂದು ಶೀಟಿನ ಮನೆ. ದುಡಿದು ಮಾಡಿಕೊಂಡದ್ದು ಒಂದು ಟೆಂಪೋ. ಬೆಳಗ್ಗೆ ಹೊಸಕೋಟೆಯಿಂದ ತರಕಾರಿ ತಂದು ವೈಟ್‌ಫೀಲ್ಡಿನ ಅಂಗಡಿಗಳಿಗೆ ಇಳಿಸುವುದು, ಮಧ್ಯಾಹ್ನ ಸಿಕ್ಕಿದ ಬಾಡಿಗೆ. ಹೆಂಡತಿ ಯಶೋದಮ್ಮ, ಇಬ್ಬರು ಹೆಣ್ಣುಮಕ್ಕಳು. ಭಾನುವಾರ ಮಾತ್ರ ಆ ಟೆಂಪೋ ಯಾರಿಗೂ ಬಾಡಿಗೆಗೆ ಸಿಗುತ್ತಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಕಣ್ಣು ಮಂಜಾದ ಮುದುಕ ಮುದುಕಿಯರನ್ನು ಹತ್ತಿಸಿಕೊಂಡು ಕಣ್ಣಿನ ಶಿಬಿರಕ್ಕೆ ಕರೆದೊಯ್ಯುವುದು, ಸಂಜೆ ಒಬ್ಬೊಬ್ಬರನ್ನೇ ಕೈಹಿಡಿದು ಮನೆಬಾಗಿಲಿಗೆ ಬಿಡುವುದು – ಅದು ಅವರ ಭಾನುವಾರ. ಇದೆಲ್ಲ ನನಗೆ ಆಮೇಲೆ ತಿಳಿಯಿತು, ಅವರ ಬೀದಿಯಲ್ಲೇ ಇದ್ದ ನನ್ನ ಜೊತೆಗೆಲಸದ ಗೀತಾಳಿಂದ. ಅವತ್ತು ಅವರು ನನ್ನ ಕಣ್ಣಿಗೆ ಬರೀ ಒಬ್ಬ ಡ್ರೈವರ್.

ನಾನಾಗ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಅಣ್ಣ ಹೊಸ ಸ್ಕೂಟರ್ ತೆಗೆದುಕೊಂಡಿದ್ದ. ಲೈಸೆನ್ಸ್ ಮಾಡಿಸುವ ತನಕ ಮುಟ್ಟಬೇಡ ಎಂದಿದ್ದ. ಅವನು ಸ್ನಾನಕ್ಕೆ ಹೋದಾಗ ಕೀ ತೆಗೆದುಕೊಂಡು ಹೊರಟುಬಿಟ್ಟೆ – ಗೆಳತಿಯರ ಮುಂದೆ ಫ್ಯಾಕ್ಟರಿ ಗೇಟಿನಲ್ಲಿ ಸ್ಕೂಟರಿನಿಂದ ಇಳಿಯಬೇಕು, ಅಷ್ಟೇ ಆಸೆ. ತಿರುವಿನಲ್ಲಿ ಯಾರದೋ ಮನೆ ಕಟ್ಟಲು ಮರಳು ಸುರಿದಿದ್ದರು. ಚಕ್ರ ಜಾರಿತು. ಬಿದ್ದಲ್ಲೇ ನೋಡಿಕೊಂಡರೆ ಮೊಣಕಾಲಿನ ಕೆಳಗೆ ಬೆಳ್ಳಗೆ ಮೂಳೆ ಕಾಣುತ್ತಿತ್ತು.

ಕಂಪನಿ ಬಸ್ಸುಗಳು, ಕಾರುಗಳು ನನ್ನನ್ನು ಬಳಸಿಕೊಂಡು ಹೋದವು. ನಿಂತದ್ದು ಒಂದು ಟೆಂಪೋ. ಇಳಿದು ಬಂದವರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನನ್ನ ಕಾಲಿಗೆ ಕಟ್ಟಿದರು. "ಎದರ್ಕೋಬೇಡಮ್ಮ, ಕಾಲೇ ತಾನೆ, ಕೂಡ್ಕೊಂತದೆ" ಎಂದರು. ಟೊಮೆಟೊ ಕ್ರೇಟುಗಳನ್ನು ರಸ್ತೆ ಪಕ್ಕ ಇಳಿಸಿ, ನನ್ನನ್ನು ಮಲಗಿಸಿಕೊಂಡು ಹೊರಟರು. ಆ ಟೊಮೆಟೊ ಏನಾಯಿತೋ – ನಾನು ಯಾವತ್ತೂ ಕೇಳಲಿಲ್ಲ.

ಆಸ್ಪತ್ರೆಗೆ ಅಣ್ಣ ಬಂದ. ಅವನ ಮುಖ ನೋಡಿದ್ದೇ, ಸ್ಕೂಟರಿನ ಭಯಕ್ಕೆ ನನಗೆ ಕಾಲಿನ ನೋವು ಮರೆತುಹೋಯಿತು. ಬಾಗಿಲ ಹತ್ತಿರ ಅಂಗಿಗೆಲ್ಲ ರಕ್ತ ಮಾಡಿಕೊಂಡು ನಿಂತಿದ್ದ ಮುನಿರಾಜಣ್ಣನ ಕಡೆ ತಿರುಗಿ, "ಯಾವನೇ ಗುದ್ದಿದ್ದು? ಇವನೇನಾ?" ಎಂದ.

ನಾನು ಹೂಂ ಎಂದೆ.

ಒಂದು ಹೂಂ. ನೋವಿನಲ್ಲಿ ಬಾಯಿ ತಪ್ಪಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಸಂಜೆ ಪೊಲೀಸರು ಬಂದು ಕೇಳಿದಾಗ ನೋವಿರಲಿಲ್ಲ, ಸೂಜಿ ಕೊಟ್ಟಿದ್ದರು. ಆಗಲೂ ಅದನ್ನೇ ಹೇಳಿದೆ. ಹಿಂದಿನಿಂದ ಬಂದು ಗುದ್ದಿದರು ಎಂದು ಇನ್ನೊಂದಿಷ್ಟು ಸೇರಿಸಿಯೇ ಹೇಳಿದೆ.

ಮಾರನೆಯ ದಿನ ಯಶೋದಮ್ಮ ಬಂದರು. ಕೈಯಲ್ಲಿ ಚಿಕ್ಕ ಮಗಳು. "ಟೆಂಪೋ ಸ್ಟೇಶನ್ನಾಗೈತೆ. ಅವ್ರು ಗುದ್ದಿಲ್ಲ ಅಂತ ನಿಂಗೇ ಗೊತ್ತಲ್ಲಮ್ಮ. ಇದ್ದುದ್ದನ್ನ ಯೇಳ್ಬಿಡು" ಎಂದರು. ಅಣ್ಣ "ನಡೀರಿ ಆಚೆ" ಎಂದು ಗದರಿದ. ನಾನು ಗೋಡೆ ಕಡೆ ಮುಖ ತಿರುಗಿಸಿದೆ. ಅವರು ಹೋದದ್ದು ಚಪ್ಪಲಿಯ ಸದ್ದಿನಿಂದ ಗೊತ್ತಾಯಿತು.

ಕೇಸು ಎಳೆಯಿತು. ಕೋರ್ಟಿಗೆ ಅಲೆದರೆ ಗಾಡಿ ಓಡುವುದಿಲ್ಲ, ಗಾಡಿ ಓಡದಿದ್ದರೆ ಮನೆ ನಡೆಯುವುದಿಲ್ಲ. ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಮುಗಿಸಬಹುದು ಎಂದು ಅವರ ವಕೀಲರು ಹೇಳಿದ್ದರಂತೆ. ನಾನು ಸಾಕ್ಷಿ ಹೇಳಲೆಂದು ಕೋರ್ಟಿನ ಕಾರಿಡಾರಿನಲ್ಲಿ ಕುಳಿತಿದ್ದ ದಿನ ಅವರು ಒಳಗೆ ನಿಂತು, ಮಾಡದ ತಪ್ಪನ್ನು ಮಾಡಿದೆ ಎಂದರು. ಹೊರಗೆ ಬಂದವರು ನನ್ನ ಮುಂದೆಯೇ ನಡೆದುಹೋದರು. ಆಗ ನನಗೆ ಆದದ್ದೇನು ಗೊತ್ತೆ? ಸಮಾಧಾನ. ಇನ್ನು ನಾನು ಬಾಯಿ ಬಿಡಬೇಕಾಗಿಲ್ಲ ಎನ್ನುವ ಸಮಾಧಾನ.

ಆಮೇಲೆ ಅಂಗಡಿಯವರು ಕೆಲವರು ಬೇರೆ ಗಾಡಿ ಗೊತ್ತುಮಾಡಿಕೊಂಡರು. ಹುಡುಗಿಗೆ ಗುದ್ದಿದವನು ಎಂದು ಬೀದಿಯಲ್ಲಿ ಆಡಿಕೊಂಡರು. ಗೀತಾ ಊಟದ ಹೊತ್ತಿನಲ್ಲಿ ಇದನ್ನೆಲ್ಲ ಹೇಳುವಾಗ ನಾನು ಡಬ್ಬಿಯೊಳಗೆ ಕಣ್ಣಿಟ್ಟು ಕೂರುತ್ತಿದ್ದೆ. "ಆದ್ರೂ ಭಾನುವಾರ ಬಿಟ್ಟಿಲ್ಲ ಕಣೇ ಆಯಪ್ಪ" ಎನ್ನುತ್ತಿದ್ದಳು.

ವರ್ಷಗಳು ಹೋದವು. ಮದುವೆಯಾಯಿತು. ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಒಂದು ದಿನ ಬಸ್ಸಿನಲ್ಲಿ ಹೋಗುತ್ತಿದ್ದಾಗ ಹೋಪ್‌ಫಾರ್ಮ್ ಸರ್ಕಲ್ ದಾಟಿದ ಮೇಲೆ ಗಾಡಿಗಳೆಲ್ಲ ನಿಂತವು. ನೀರಿನ ಟ್ಯಾಂಕರ್ ಒಂದು ಬೈಕಿನವನಿಗೆ ಗುದ್ದಿ ಹೋಗಿತ್ತು. ಸುತ್ತ ಜನ, ಎಲ್ಲರ ಕೈಯಲ್ಲೂ ಮೊಬೈಲ್. ಕಿಟಕಿಯಿಂದ ನೋಡುತ್ತಿದ್ದೆ. ಒಂದು ಟೆಂಪೋ ಪಕ್ಕಕ್ಕೆ ಬಂದು ನಿಂತಿತು.

ಮುನಿರಾಜಣ್ಣ. ತಲೆ ಪೂರ್ತಿ ನರೆತಿತ್ತು.

ಯಾರೋ ತಡೆದರು: "ಮುಟ್ಬೇಡಿ ಅಣ್ಣ. ಆಮೇಲೆ ನಿಮ್ ಮೇಲೇ ಕೇಸ್ ಹಾಕ್ತಾರೆ."

"ಆಕಿದ್ರು ಕಣಪ್ಪಾ ಒಂದ್ಸಲ" ಎಂದರು ಅವರು, ಆಗಲೇ ಮೊಣಕಾಲೂರಿ ಕುಳಿತು. "ನಾನೇನು ಸಾಯ್ನಿಲ್ಲ. ಇವ್ನು ಸಾಯ್ತಾನೆ. ಬಾ, ಕಾಲ್ಕಡೆ ಇಡ್ಕೋ."

ಆ ಧ್ವನಿಯಲ್ಲಿ ಕೊಂಕಿರಲಿಲ್ಲ. ನೋವನ್ನು ನುಂಗಿಕೊಂಡ ಗಾಂಭೀರ್ಯವೂ ಇರಲಿಲ್ಲ. ಮಳೆ ಬಂದಿತ್ತು, ನೆನೆದೆ ಎನ್ನುವ ಹಾಗೆ ಹೇಳಿದರು. ನಾನು ಅವರ ಬದುಕಿನಲ್ಲಿ ಒಂದು ಎಚ್ಚರಿಕೆಯಾಗಿ ಉಳಿದಿರಬೇಕು, ಅವರು ಇನ್ನೆಂದೂ ಯಾರಿಗಾಗಿಯೂ ಗಾಡಿ ನಿಲ್ಲಿಸಿರಲಾರರು ಎಂದುಕೊಂಡಿದ್ದೆ. ನನ್ನ ಸುಳ್ಳಿಗೆ ಅಷ್ಟು ಬಲವಿದೆ ಎಂದು ತಿಳಿದಿದ್ದೆ. ಆ ಸುಳ್ಳಿಗೆ ಆ ಮನುಷ್ಯನ ಕಾಲನ್ನು ಒಂದು ಸಲವಾದರೂ ಬ್ರೇಕಿನ ಮೇಲಿನಿಂದ ತೆಗೆಸುವ ಶಕ್ತಿಯೂ ಇರಲಿಲ್ಲ. ಎಂಥ ಜೀವ ಅದು! ಯಾವ ಮಣ್ಣಿನಲ್ಲಿ ಮಾಡಿದ್ದು! – ಇವತ್ತಿಗೂ ನನಗೆ ಅಳತೆ ಸಿಕ್ಕಿಲ್ಲ.

ನಾನು ಬಸ್ಸಿನಿಂದ ಇಳಿದೆ. ಟೆಂಪೋ ಹಿಂದೆ ಕುಳಿತು ಆ ಗಾಯಾಳುವಿನ ತಲೆ ಹಿಡಿದುಕೊಂಡೆ. ಅಲ್ಲಿ ಒಗೆದು ಮಡಿಸಿದ ಹಳೆಯ ಬೆಡ್‌ಶೀಟುಗಳಿದ್ದವು, ಇಂಥವರಿಗೆಂದೇ. ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದರು, ಬದುಕುತ್ತಾನೆ ಎಂದರು. ಮುನಿರಾಜಣ್ಣ ನಲ್ಲಿಯಲ್ಲಿ ಕೈ ತೊಳೆದು, ಅಂಗಿಗೆ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದರು.

"ಕಾಲು ಎಂಗೈತಮ್ಮ ಈಗ?"

ಗುರುತು ಸಿಕ್ಕಿತ್ತು. ನಾನು ಕುಂಟುವುದನ್ನು ನೋಡಿದ್ದರು. ಆಗಲಾದರೂ ಹೇಳಬಹುದಿತ್ತು – ಅಣ್ಣ, ತಪ್ಪಾಯಿತು ಎಂದು. "ಪರವಾಗಿಲ್ಲ" ಎಂದೆ. "ಒಳ್ಳೇದಾಯ್ತು" ಎಂದು ಅವರು ಗಾಡಿ ಹತ್ತಿದರು. ಸುಳ್ಳು ಹೇಳಿದ ದಿನಕ್ಕಿಂತ ನನಗೆ ಹೆಚ್ಚು ನಾಚಿಕೆಯಾಗುವುದು ಈ ದಿನದ ಬಗ್ಗೆ.

ಈಚೆಗೆ, ತರಕಾರಿ ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತ ಮುನಿರಾಜಣ್ಣ ಏಳಲಿಲ್ಲವಂತೆ. ಗೀತಾ ಫೋನ್ ಮಾಡಿದಳು. ತಿಥಿಯ ದಿನ ಅವರ ಮನೆಗೆ ಹೋದೆ. ಬೀದಿಗೆ ಶಾಮಿಯಾನ ಹಾಕಿದ್ದರು. ಒಳಗೆ ಯಶೋದಮ್ಮನ ಮುಂದೆ ಕುಳಿತು ಎಲ್ಲ ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ.

"ನಂಗ್ಯಾಕಮ್ಮ ಯೇಳ್ತೀಯ? ನಂಗವತ್ತೇ ಗೊತ್ತಿತ್ತು" ಎಂದರು. "ಗುದ್ದಿದೋನು, ಗುದ್ದಿದೋನು ಅಂದಿದ್ದು ಈ ಬೀದಿ. ಅಲ್ಲಿ ಕೂತವ್ರೆ ನೋಡು ಎಲ್ರೂ. ಓಗಿ ಅವ್ರ ಮುಂದೆ ಯೇಳು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಹೊರಗೆ ಬಂದೆ. ಪಂಕ್ತಿ ಇನ್ನೂ ಹಾಕಿರಲಿಲ್ಲ. ಅವರ ಅಣ್ಣತಮ್ಮಂದಿರು, ಅಂಗಡಿಯವರು, ಹಳ್ಳಿಗಳಿಂದ ಬಂದಿದ್ದ ಮುದುಕಿಯರು. ನಿಂತು, ನನ್ನ ಹೆಸರು ಹೇಳಿ, ಇಲ್ಲಿ ಮೊದಲ ಸಾಲುಗಳಲ್ಲಿ ಬರೆದದ್ದನ್ನೇ ಹೇಳಿದೆ. ಆಮೇಲೆ ದಪ್ಪ ಕನ್ನಡಕದ ಒಬ್ಬ ಅಜ್ಜಿ ನನ್ನ ಮುಖವನ್ನು ಹತ್ತಿರದಿಂದ ನೋಡಿ ಕೇಳಿದಳು:

"ಇಷ್ಟು ವರ್ಷ ಎಲ್ಲಿದ್ದೆ ನೀನು?"

"ಇದೇ ಊರಲ್ಲೇ ಇದ್ದೆ ಅಜ್ಜಿ" ಎಂದೆ.