ಹಗ್ಗ ಬಿಟ್ಟು ಮಾರಿದ ಪೇಟೆಂಟು

ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಖಾನಾಪುರದಲ್ಲಿ ನನ್ನಂಥ ಬಡಿಗ ಇನ್ನೊಬ್ಬನಿರಲಿಲ್ಲ. ಇದ್ದರೆ ನನಗೆ ಗೊತ್ತಿರಲಿಲ್ಲ. ಸುಗ್ಗಿಯಲ್ಲಿ ಗಾಳಿ ನಿಂತರೆ ರೈತರು ಭತ್ತದ ರಾಶಿಯ ಮುಂದೆ ಮುಗಿಲಿಗೆ ಬಾಯಿ ತೆರೆದು ನಿಲ್ಲುತ್ತಿದ್ದರು. ನೋಡಿ ನೋಡಿ ಸಾಕಾಗಿ, ಕೈಯಿಂದ ತಿರುವಿದರೆ ಗಾಳಿ ಬೀಸಿ ಹೊಟ್ಟು ಹಾರಿಸುವ ಯಂತ್ರ ಮಾಡಿದೆ. ಬೆಳಗಾವಿಯ ವಕೀಲರೊಬ್ಬರು ಕಲ್ಕತ್ತೆಯ ಪೇಟೆಂಟ್ ಕಚೇರಿಗೆ ಬರೆದು ಅದಕ್ಕೆ ಪೇಟೆಂಟ್ ತರಿಸಿಕೊಟ್ಟರು. ನನ್ನನ್ನು ಬಿಟ್ಟು ಬೇರೆ ಯಾರೂ ಅದನ್ನು ಮಾಡಬಾರದೆಂದು ಸರಕಾರವೇ ಕೊಟ್ಟ ಕಾಗದ!

ಆ ಪೇಟೆಂಟ್ ಕೊಳ್ಳಲು ಬಂದವರು ಬೆಳಗಾವಿಯ ಸಾವುಕಾರರೊಬ್ಬರು. ಎತ್ತಿನ ವ್ಯಾಪಾರದಲ್ಲಿ ದೊಡ್ಡವರಾದವರು; ಜಗತ್ತಿನ ಎಲ್ಲ ಸಾಮಾನಿಗೂ ನಾಲ್ಕು ಕಾಲು, ಒಂದು ಬಾಲ ಇರುತ್ತದೆಂದು ನಂಬಿದವರು. ವಕೀಲರ ಪಡಸಾಲೆಯಲ್ಲಿ ಕೂತೆವು. ಪೇಟೆಂಟಿಗೆ ಇನ್ನೆಷ್ಟು ಆಯುಷ್ಯ, ಯಂತ್ರ ಎಷ್ಟು ಊರಿಗೆ ಬೇಕಾದೀತು ಎಂದು ವಕೀಲರು ಬೆಲೆಯ ಲೆಕ್ಕ ಶುರು ಮಾಡಿದರು.

"ಅದೆಲ್ಲಾ ಓದಿದವರ ಹರಟಿ ರೀ ವಕೀಲ್ರ," ಎಂದ ಸಾವುಕಾರರು ಹೆಗಲ ಮೇಲಿನ ವಲ್ಲಿ ತೆಗೆದರು. "ಕೈ ತಾ, ಮಿಸ್ತ್ರಿ."

ಸಂತೆಯಲ್ಲಿ ಎತ್ತಿಗೆ ಬೆಲೆ ಕಟ್ಟುವುದು ಹಾಗೇ. ಬಟ್ಟೆಯ ಕೆಳಗೆ ಬೆರಳು ಹಿಡಿದು, ನಾಲ್ಕು ಜನಕ್ಕೆ ಗೊತ್ತಾಗದಂತೆ; ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು. ಆ ಪಡಸಾಲೆಯಲ್ಲಿ ಆ ಗುಟ್ಟು ಮುಚ್ಚಿಡಬೇಕಾಗಿದ್ದದ್ದು ವಕೀಲರ ಗೋಡೆ ಗಡಿಯಾರದಿಂದ ಮಾತ್ರ. ಹಿಡಿದು, ಕೊಸರಿ, ಕಡೆಗೆ ದರ ಕುದುರಿತು.

ಆದರೆ ಮಾರಿದ ಮೇಲೆ ನನ್ನ ಯಂತ್ರವನ್ನು ನಾನೇ ಮಾಡಿದರೂ ಕಳ್ಳನಾಗುತ್ತೇನೆಂದು ವಕೀಲರು ಮೊದಲೇ ಹೇಳಿದ್ದರು. ಅದೊಂದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಸಾವ್ಕಾರ್ರ, ಎತ್ತು ಮಾರಿದವ ಹಗ್ಗಾನೂ ಕೊಡ್ತಾನೇನ್ರಿ?"

"ಛೇ! ಹಗ್ಗದ ಬೆನ್ನ ಹಿಂದ ಲಕ್ಷ್ಮಿನೂ ಹೊಂಟ ಹೋಗತಾಳ. ಹಗ್ಗ ಯಾವತ್ತೂ ಎತ್ತು ಮಾರಿದವಂದ."

"ಹಂಗಾರ ನನ್ನ ಅಂಗಳದಾಗ ನನ್ನ ಕೈಲೆ ಯಂತ್ರ ಮಾಡ್ಕೋತ ಇರತೀನಿ. ಅದು ನನ್ನ ಹಗ್ಗ."

"ಬರೀರಿ ವಕೀಲ್ರ! ಹಗ್ಗದ ಬೆಲಿ ಏನ್ ಮಹಾ?"

"ಸಾವ್ಕಾರ್ರ, ಇದ್ರಿಂದ ಪೇಟೆಂಟಿನ ಬೆಲಿನ ಇಳೀತೈತ್ರಿ," ಎಂದರು ವಕೀಲರು.

"ಬೆರಳ ಹಿಡದ ಮ್ಯಾಲ ಹಿಂದ ಸರಿಯೋ ಮನಿತನ ಅಲ್ರಿ ನಮ್ದು!"

ಅಷ್ಟು ದೊಡ್ಡ ಮನೆತನಕ್ಕೆ ನಾನು ಅಡ್ಡ ಬರುವುದುಂಟೇ? ಸಹಿ ಹಾಕಿದೆ.

ಆ ಸುಗ್ಗಿಯಲ್ಲಿ ಸಾವುಕಾರರ ಯಂತ್ರಗಳು ಬಣ್ಣ ಬಳಿದುಕೊಂಡು ಅವರ ಅಂಗಡಿಯಲ್ಲಿ ಮದುಮಕ್ಕಳಂತೆ ಕೂತವು. ಬೀಡಿ, ಪಾರಿಶ್ವಾಡ ಊರುಗಳ ರೈತರು ಯಂತ್ರಕ್ಕೆ ನನ್ನ ಅಂಗಳಕ್ಕೇ ಬಂದರು. ಹಿಡಿಕೆ ಮುರಿದರೆ ಅಲ್ಲೇ ಕೂರಿಸಿಕೊಡಲು ಬೆಳಗಾವಿಯ ಬಣ್ಣಕ್ಕೆ ಎಲ್ಲಿ ಬರಬೇಕು?

ಸಾವುಕಾರರು ಖಾನಾಪುರಕ್ಕೇ ಬಂದಿಳಿದರು.

"ಮಿಸ್ತ್ರಿ, ಆ ಹಗ್ಗಕ್ಕ ಏನ್ ತೊಗೊತಿ, ಹೇಳು."

ಮತ್ತೆ ವಲ್ಲಿ ಹರಡಿದರು. ಹಿರಿಯರು ಕೇಳಿದಾಗ ಕೈ ಕೊಡದಿದ್ದರೆ ಅಪಮಾನ. ಕೊಟ್ಟೆ, ಮುಷ್ಟಿ ಬಿಗಿದು. ಒಂದಾದರೂ ಬೆರಳು ಸಿಕ್ಕೀತೆಂದು ಪಾಪ, ಅವರು ಬಹಳ ಹೊತ್ತು ತಡಕಾಡಿದರು.