ಚೆನ್ನಿಗೆ ಬಾರದ ಜ್ವರ

ಆಡಳಿತದ ಬುನಾದಿಯನ್ನೇ ಅಲುಗಿಸಬಲ್ಲ ಸಂಗತಿಯೊಂದನ್ನು ಓದುಗರ ಗಮನಕ್ಕೆ ತರಬೇಕಾಗಿದೆ: ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಹಾಸ್ಟೆಲಿನಲ್ಲಿ ನೀರು ಹೊರುವ ಹೆಂಗಸೊಬ್ಬಳು ತನಗೆ ಜ್ವರ ಬಂದೇ ಇಲ್ಲ ಎನ್ನುತ್ತಿದ್ದಾಳೆ.

ಬೆಳಗಿನ ಐದೂವರೆ. ಎನ್. ಬೇಗೂರಿನ ಕಡೆಯ ಗಿರಿಜನರ ಹಾಡಿಯಿಂದ ಮಂಜಿನಲ್ಲಿ ನಡೆದು ಬಂದ ಚೆನ್ನಿ ಆಗಲೇ ಬಾವಿಗೆ ಕೊಡ ಇಳಿಬಿಟ್ಟಿದ್ದಾಳೆ. ಐವತ್ತೆರಡು ಮಕ್ಕಳು ಏಳುವುದರೊಳಗೆ ತೊಟ್ಟಿ ತುಂಬಬೇಕು. ಅದಕ್ಕೆ ನಲವತ್ತು ಕೊಡ. ಸಂಜೆಗೆ ಇನ್ನು ಮೂವತ್ತು. ೧೯೬೨ರಲ್ಲಿ ಸೇರಿದವಳು ಹನ್ನೊಂದು ವರ್ಷವಾದರೂ 'ತಾತ್ಕಾಲಿಕ'ವೇ. ಹನ್ನೆರಡು ತುಂಬಿದರೆ ಕಾಯಂ ಎಂದು ಗುಮಾಸ್ತ ಗೋವಿಂದಯ್ಯ ಹೇಳಿದ್ದಾರೆ. ನಡುವೆ ರಜಾ ಚೀಟಿಯಿಲ್ಲದೆ ಒಂದು ದಿನ ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ.

ಕಳೆದ ತಿಂಗಳು ಹಾಡಿಯ ರಾಗಿಗೆ ಆನೆ ನುಗ್ಗಿದವು. ಎರಡು ದಿನ ಎಲ್ಲರೂ ಡಬ್ಬ ಬಡಿದು ಕಾದರು, ಚೆನ್ನಿಯೂ. ಮೂರನೆಯ ಬೆಳಗ್ಗೆ ಕೆಲಸಕ್ಕೆ ಬಂದರೆ ಗೋವಿಂದಯ್ಯ ಚೀಟಿ ಬರೆದು ಸಿದ್ಧವಾಗಿಟ್ಟಿದ್ದರು.

"ಏನ್ ಬರ್ದಿದ್ದೀರಿ ಬುದ್ದಿ?"

"ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್. ಜ್ವರದಿಂದ ನರಳ್ತಾ ಇದ್ದೀನಿ ಅಂತ."

"ಜರ ಎಲ್ ಬಂದಿತ್ತು? ಬಂದಿದ್ದು ಆನೆ."

"ಇಂಗ್ಲಿಷಿನಲ್ಲಿ ಆನೆಗೆ ರಜಾ ಇಲ್ಲ ಕಣಮ್ಮ. ಹೆಬ್ಬೆಟ್ಟು ಒತ್ತು."

ಚೀಟಿ ಇಂಗ್ಲಿಷಿನಲ್ಲೇ ಇರಬೇಕೆಂದು ನಿಯಮ. ಗೋವಿಂದಯ್ಯನವರಿಗೆ ತಪ್ಪಿಲ್ಲದೆ ಬರುವ ಇಂಗ್ಲಿಷ್ ವಾಕ್ಯ ಇದೊಂದೇ. ಹೀಗಾಗಿ ಈ ವರ್ಷದ ಕಡತದಲ್ಲಿ ಮೂವತ್ತೆಂಟು ಚೀಟಿ, ಮೂವತ್ತೆಂಟು ಜ್ವರ. ನಾದಿನಿಯ ಮದುವೆಗೆಂದು ಹುಣಸೂರಿಗೆ ಹೋದ ಗೋವಿಂದಯ್ಯನವರು ಬಾಳೆಲೆಯ ಮುಂದೆ ನಾಲ್ಕು ದಿನ ನರಳಿ ಬಂದಿದ್ದಾರೆ. ಚೀಟಿ ಬರೆಯುವುದು ತಿರುಗಿ ಬಂದ ಮೇಲೆ. ವಾಕ್ಯ ಮಾತ್ರ ಇನ್ನೂ ನರಳುತ್ತಲೇ ಇರುತ್ತದೆ. ಈ ಕಡತವನ್ನು ನಂಬುವುದಾದರೆ ಹಾಸ್ಟೆಲಿನ ಸಿಬ್ಬಂದಿ ಹಾಸಿಗೆ ಬಿಟ್ಟೆದ್ದೇ ಇಲ್ಲ. ತೊಟ್ಟಿ ಮಾತ್ರ ದಿನವೂ ತುಂಬಿದೆ. ಅದನ್ನು ತುಂಬಿದವರು ಯಾರೆಂದು ಯಾವ ಮೇಲಧಿಕಾರಿಯೂ ಕೇಳಿಲ್ಲ.

ಅಡುಗೆಯ ಮಂಚಯ್ಯ ಸೌಟು ಹಿಡಿದೇ ಬುದ್ಧಿ ಹೇಳಿದ: "ಒಂದ್ ಬೆಟ್ಟೊತ್ತಕ್ಕೆ ಏನ್ ಕಷ್ಟ ಕಣಮ್ಮಿ? ನನ್ ಎಮ್ಮೆ ಕರ ಆಕಿದ್ರೂ ಜರ ಬಂದಿದ್ದು ನಂಗೇಯ!"

ಚೆನ್ನಿ ನಗಲಿಲ್ಲ. ಹನ್ನೊಂದು ವರ್ಷದಲ್ಲಿ ಆಕೆ ಬಾಯಿ ಬಿಟ್ಟು ರಜೆ ಕೇಳಿದ್ದು ಒಂದೇ ಸಲ. ಕೊಡ ಕೆಳಗಿಳಿಸಿ ಅದನ್ನು ಹೇಳುತ್ತಾಳೆ: "ನನ್ ಮಗ್ಳು ಕೆಂಪಿಗೆ ಜರ ಬಂದಿತ್ತು. ಮನೇಗ್ ಓಗ್ಬೇಕು ಅಂದೆ. 'ಎಲ್ರೂ ಜ್ವರ ಅಂತಾರೆ, ನಿಜ ಏಳು' ಅಂದ್ರು. ನೀರ್ ತುಂಬ್ಸಿ ಓಗು ಅಂದ್ರು. ತುಂಬ್ಸಿ ಓದೆ. ಕೂಸು ಇರ್ನಿಲ್ಲ."

ಕೊಡವನ್ನು ಮತ್ತೆ ಎತ್ತಿಕೊಂಡು, "ಆ ಮಾತ್ನ ಸುಳ್ಳಿಗೆ ನಾನು ಬೆಟ್ಟೊತ್ತಾಕಿಲ್ಲ."

ಅಂದು ರಜೆ ಕೊಡದ ವಾರ್ಡನ್ ಈಗ ವರ್ಗವಾಗಿ ಹೋಗಿದ್ದಾರೆ. ಸುಳ್ಳು ಜ್ವರಗಳಿಗೆಲ್ಲ ಮಂಜೂರಾತಿ ಕೊಟ್ಟು ನಿಜವಾದ ಒಂದೇ ಒಂದು ಜ್ವರವನ್ನು ಅನುಮಾನಿಸಿದ ಆ ಕಛೇರಿಯಲ್ಲಿ ಯಾರಿಗೂ ಬೆವರಿದ್ದು ಕಡತದಲ್ಲಿಲ್ಲ.

"ಕನ್ನಡದಾಗೇ ಆನೆ ಅಂತ ಬರೀರಿ, ಒತ್ತೀನಿ," ಎಂದಳಂತೆ ಚೆನ್ನಿ. ಗೋವಿಂದಯ್ಯ ತಲೆ ಚಚ್ಚಿಕೊಂಡರು. ಆಮೇಲೆ ಬರೆದರು: 'ಆನೆ ಬಂದಿದ್ದರಿಂದ ಎರಡು ದಿನ ಬರಲಿಲ್ಲ.' ಆಕೆ ಒತ್ತಿದಳು.

ಕಾಯಂ ಆಗದಿದ್ದರೆ? ಚೆನ್ನಿ ಹಗ್ಗ ಸುತ್ತುತ್ತಾ ಹೇಳುತ್ತಾಳೆ: "ಬುಡಿ. ಬಂದಿದ್ದು ಆನೆ ಅಂತ ಒಂದ್ ಕಾಗ್ದದಲ್ಲಾದ್ರೂ ಅದೆಯಲ್ಲ."

ಚೀಟಿ ಮೇಲಿನ ಕಛೇರಿಯಿಂದ ಕೆಂಪು ಶಾಯಿಯ ಗೀಟಿನೊಂದಿಗೆ ವಾಪಸು ಬಂದಿದೆ. ಹನ್ನೊಂದು ವರ್ಷ ರದ್ದಾಗಿದೆ. ಇಂದಿಗೆ ಚೆನ್ನಿಯ ಸೇವೆ ಇಪ್ಪತ್ತಾರು ದಿನ.